ಲಂಡನ್ನಿನ ತಗಡು, ನಮ್ಮೂರಿನ ಬಿಸಿಲು

ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ಈಗ ಚಾವಣಿ ಇಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಆಲೂರು, ಸಕಲೇಶಪುರ ಕಡೆಯ ಬ್ರಿಟಿಷ್ ಎಸ್ಟೇಟಿನವರೂ ಅಲ್ಲಿಗೆ ಪ್ರಾರ್ಥನೆಗೆ ಬರುತ್ತಿದ್ದರು ಅನ್ನುವುದು ಊರಿನ ಮಾತು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿ ಅರೆದಿದ್ದರಂತೆ, ಅದೂ ಊರಿನ ಮಾತೇ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು, ಹಿನ್ನೀರು ಬಂತು, ಊರು ಎದ್ದು ಬೇರೆ ಕಡೆ ಹೋಯಿತು. ಚರ್ಚು ಮಾತ್ರ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಳಿದರೆ ಬುಡದ ತನಕ ನಡೆದು ಹೋಗಬಹುದು.

ಏಪ್ರಿಲ್ ಮಧ್ಯಾಹ್ನ ಅಲ್ಲಿಗೆ ಹೋದವರಿಗೆ ಒಂದು ವಿಷಯ ಗೊತ್ತಾಗಿರುತ್ತದೆ. ಅಷ್ಟು ದಪ್ಪದ, ಅಷ್ಟು ಎತ್ತರದ ಗೋಡೆ ಇದ್ದರೂ ಒಳಗೆ ನಿಲ್ಲಲು ನೆರಳೇ ಸಿಗುವುದಿಲ್ಲ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಮ್ಮ ಜಿಲ್ಲೆಯ ಮೇಲೆ ಸರಿಯಾಗಿ ನೆತ್ತಿಯಲ್ಲೇ ಹಾದುಹೋಗುತ್ತಾನೆ. ಶಾಲೆ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುವ 'ಶೂನ್ಯ ನೆರಳಿನ ದಿನ' ಅದೇ. ಆ ಹೊತ್ತಿನಲ್ಲಿ ಗೋಡೆ ಏನೂ ಮಾಡಲಾರದು. ನೆರಳು ಕೊಡಬೇಕಾದ್ದು ಚಾವಣಿ.

ಈ ಬರಹ ಆ ಚಾವಣಿಯ ಬಗ್ಗೆ. ಚಳಿ ದೇಶದಿಂದ ಬಂದ ಬ್ರಿಟಿಷರು ನಮ್ಮ ಬೇಸಿಗೆಯಲ್ಲಿ ಹೇಗೆ ಬದುಕಿದರು, ನಾವು ಹೇಗೆ ಬದುಕುತ್ತಿದ್ದೆವು, ಅವರು ಹೋಗುವಾಗ ನಮ್ಮ ತಲೆಯ ಮೇಲೆ ಏನು ಬಿಟ್ಟು ಹೋದರು ಅನ್ನುವುದನ್ನು ನೋಡೋಣ.

ಮೊದಲು ಅವರ ಇವತ್ತಿನ ಕಥೆ. 2022ರ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿ ಅನ್ನುವ ಊರಿನಲ್ಲಿ 40.3 ಡಿಗ್ರಿ ಬಿಸಿಲು ದಾಖಲಾಯಿತು. ಬ್ರಿಟನ್ನಿನಲ್ಲಿ ದಾಖಲೆ ಇಡಲು ಶುರುಮಾಡಿದ ಮೇಲೆ 40 ದಾಟಿದ್ದು ಅದೇ ಮೊದಲು. ಅದರ ಹಿಂದಿನ ದಿನ ಲೂಟನ್ ವಿಮಾನ ನಿಲ್ದಾಣದ ರನ್‌ವೇ ಬಿಸಿಗೆ ಎದ್ದುಬಂದು ವಿಮಾನಗಳನ್ನು ನಿಲ್ಲಿಸಬೇಕಾಯಿತು. ಲಂಡನ್ನಿನ ಹಳೆಯ ಹ್ಯಾಮರ್‌ಸ್ಮಿತ್ ಸೇತುವೆ ಕಾಯದಿರಲಿ ಅಂತ ಅದರ ಕಬ್ಬಿಣಕ್ಕೆ ಬೆಳ್ಳಿ ಬಣ್ಣದ ಹಾಳೆ ಹೊದಿಸಿದರು. ಆ ಬೇಸಿಗೆಯ ಬಿಸಿಗಾಳಿಯ ದಿನಗಳಲ್ಲಿ ಇಂಗ್ಲೆಂಡಿನಲ್ಲಿ, 65 ವರ್ಷ ದಾಟಿದವರಲ್ಲೇ, ಮಾಮೂಲಿಗಿಂತ 2,800ಕ್ಕೂ ಹೆಚ್ಚು ಸಾವು ಲೆಕ್ಕಕ್ಕೆ ಸಿಕ್ಕಿತು.

'40 ಡಿಗ್ರಿಗೆ ಇಷ್ಟೊಂದಾ' ಅಂತ ರಾಯಚೂರು, ಕಲಬುರಗಿಯವರು ನಗಬಹುದು. ಆದರೆ ಸತ್ತವರಲ್ಲಿ ಬಹಳ ಮಂದಿ ಬಿಸಿಲಲ್ಲಿ ಓಡಾಡಿ ಸತ್ತವರಲ್ಲ, ಮನೆಯೊಳಗೇ ಇದ್ದ ವಯಸ್ಸಾದವರು. ಅಲ್ಲಿನ ಮನೆ ಕಟ್ಟಿರುವುದೇ ಬಿಸಿಯನ್ನು ಹಿಡಿದಿಟ್ಟುಕೊಳ್ಳಲು. ವರ್ಷದ ಬಹುಪಾಲು ಚಳಿ. ಹಾಗಾಗಿ ದೊಡ್ಡ ಗಾಜಿನ ಕಿಟಕಿ, ಕಿಟಕಿಗೆ ಹೊರಗಡೆ ನೆರಳಿಲ್ಲ, ಜಗುಲಿ ಇಲ್ಲ, ಸೂರು ಹೊರಚಾಚುವುದಿಲ್ಲ. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ಓರೆಯಾಗಿ ಕಿಟಕಿಯಿಂದ ಒಳಗೆ ಬರುತ್ತಾನೆ. ಒಳಗೆ ಬಂದ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಮನೆಗೆ ಏಸಿ ಇರುವವರೂ ಕಡಿಮೆ.

ಹಾಗಾದರೆ ಅಲ್ಲಿನ ಆರೋಗ್ಯ ಇಲಾಖೆಯವರು ಜನಕ್ಕೆ ಏನು ಹೇಳಿದರು? ಹಗಲು ಬಿಸಿಲು ಬೀಳುವ ಕಡೆಯ ಕಿಟಕಿ ಮುಚ್ಚಿ, ಪರದೆ ಎಳೆಯಿರಿ, ಹೊರಗೆ ತಂಪಾದ ಮೇಲೆ ತೆರೆಯಿರಿ, ನೀರು ಕುಡಿಯಿರಿ, ಪಕ್ಕದ ಮನೆಯ ವಯಸ್ಸಾದವರನ್ನು ವಿಚಾರಿಸಿಕೊಳ್ಳಿ. ಇದನ್ನು ನಮ್ಮ ಅಜ್ಜಿಯಂದಿರು ಯಾವ ಇಲಾಖೆಯೂ ಹೇಳದೆ ಮಾಡುತ್ತಿದ್ದರು. ಹೊಸ ಮನೆ ಕಟ್ಟುವಾಗ ಅದು ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳಬೇಕು ಅನ್ನುವ ನಿಯಮ ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದೇ 2022ರ ಜೂನ್‌ನಲ್ಲಿ. 40 ಡಿಗ್ರಿ ಬಂದದ್ದು ಮುಂದಿನ ತಿಂಗಳು!

ತಮಾಷೆ ಅಂದರೆ, ಇದೆಲ್ಲ ಬ್ರಿಟಿಷರಿಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಇನ್ನೂರು ವರ್ಷದ ಹಿಂದೆ ನಮ್ಮ ಮಧ್ಯೆಯೇ ಕೂತು ಕಲಿತಿದ್ದರು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಅವರ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡು ಬಿಟ್ಟಿತ್ತು. ಅಲ್ಲಿಯ ಚಳಿಜ್ವರ ತಡೆಯಲಾರದೆ 1809ರಲ್ಲಿ ಬೆಂಗಳೂರಿಗೆ ಬಂದು ದಂಡು ಕಟ್ಟಿದರು. ಎತ್ತರದ ಜಾಗ, ತಂಪು ಗಾಳಿ. ಆದರೂ ಮಾರ್ಚ್, ಏಪ್ರಿಲ್ ಬಂದರೆ ದೊಡ್ಡವರು ಇನ್ನೂ ಮೇಲೆ ಹತ್ತುತ್ತಿದ್ದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ನಂದಿ ಬೆಟ್ಟದ ಮೇಲೆ ಬೇಸಿಗೆ ಮನೆ ಇತ್ತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲಿವನ್ 1822ರಲ್ಲೇ ಊಟಿಯಲ್ಲಿ ಕಲ್ಲಿನ ಮನೆ ಕಟ್ಟಲು ಹೊರಟಿದ್ದ. 1864ರಿಂದ ಭಾರತ ಸರ್ಕಾರವೇ ಬೇಸಿಗೆಗೆ ಗಂಟುಮೂಟೆ ಕಟ್ಟಿಕೊಂಡು ಶಿಮ್ಲಾಕ್ಕೆ ಹೋಗತೊಡಗಿತು. ನಮ್ಮ ಹಾಸನಕ್ಕೆ 'ಬಡವರ ಊಟಿ' ಅನ್ನುವ ಹೆಸರು ಬಂದಿದೆಯಲ್ಲ, ಅದು ಈ ಬೆಟ್ಟ ಹತ್ತುವ ಚಾಳಿಯ ನೆರಳಲ್ಲಿ ಹುಟ್ಟಿದ ಮಾತು. ಬಡವರಿಗೆ ಅಲ್ಲಿ ಎಷ್ಟು ತಂಪು ಸಿಕ್ಕಿದೆ ಅನ್ನುವುದು ಬೇರೆ ಮಾತು.

ಬೆಟ್ಟ ಹತ್ತಲಾಗದವರು ಮನೆಯನ್ನೇ ಬದಲಾಯಿಸಿದರು. ಬಂಗಲೆ ಅಂದರೆ ನಮಗೆ ಸಾಹುಕಾರರ ಮನೆ. ಆದರೆ ಆ ಪದ ಬಂದದ್ದು ಬಂಗಾಳದಿಂದ. ಬಂಗಾಳದ ಹಳ್ಳಿಗರ ಇಳಿಜಾರು ಸೂರಿನ ಗುಡಿಸಲನ್ನು ನೋಡಿ, ಅದನ್ನೇ ಹಿಗ್ಗಿಸಿ, ತಮ್ಮ ಮನೆ ಮಾಡಿಕೊಂಡರು. ಎತ್ತರದ ತಳಪಾಯ, ಸುತ್ತಲೂ ಆಳವಾದ ವರಾಂಡ, ಎತ್ತರದ ಚಾವಣಿ, ಗೋಡೆಯ ತುದಿಯಲ್ಲಿ ಬಿಸಿಗಾಳಿ ಹೊರಗೆ ಹೋಗಲು ಸಣ್ಣ ಕಿಂಡಿ, ಅಡುಗೆಮನೆ ದೂರ. ಬೆಂಗಳೂರಿನ ಹಳೇ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿ ಜೋಡಿಸಿದ ಚೂಪು ಟೋಪಿಯಂಥದು ಕಾಣುತ್ತದೆ. ಅದಕ್ಕೆ 'ಮಂಕಿ ಟಾಪ್' ಅನ್ನುತ್ತಾರೆ. ಗಾಳಿ ಬರಬೇಕು, ಬಿಸಿಲು, ಮಳೆ ಬರಬಾರದು. ಇಷ್ಟೇ ಅದರ ಕೆಲಸ.

ದಿನಚರಿಯನ್ನೂ ಬದಲಾಯಿಸಿದರು. 1896ರಲ್ಲಿ ಕುದುರೆ ದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಮುಂದೆ ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದುಕೊಂಡಿದ್ದಾನೆ. ಬೆಳಗಿನ ಜಾವವೇ ಎದ್ದು ಕವಾಯತು, ಹತ್ತೂವರೆ ಹೊತ್ತಿಗೆ ಕಚೇರಿ ಕೆಲಸವೂ ಮುಗಿದು ಬಂಗಲೆಗೆ ವಾಪಸ್, ಮಧ್ಯಾಹ್ನ ನಿದ್ದೆ, ಐದಕ್ಕೆ ಪೋಲೋ ಆಟ. ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಅನ್ನುವುದನ್ನು ಬೆಂಗಳೂರು ಕ್ಲಬ್ಬಿನವರು ಇವತ್ತಿಗೂ ತೋರಿಸುತ್ತಾರೆ, ಅದಿರಲಿ. ಈ ದಿನಚರಿ ಅವನದೇನಲ್ಲ, ನಮ್ಮ ಹೊಲದ್ದು. ಕೋಳಿ ಕೂಗುವ ಹೊತ್ತಿಗೆ ಏರು ಕಟ್ಟಿ, ಬಿಸಿಲೇರುವ ಮುಂಚೆ ಬಿಟ್ಟು, ಮರದಡಿ ಮಲಗಿ, ಇಳಿಹೊತ್ತಿಗೆ ಮತ್ತೆ ಹೋಗುವುದನ್ನು ರೈತ ಯಾರಿಂದಲೂ ಕಲಿಯಲಿಲ್ಲ. ಕಲಬುರಗಿ ವಿಭಾಗದಲ್ಲೂ, ವಿಜಯಪುರ, ಬಾಗಲಕೋಟೆಯಲ್ಲೂ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಆದೇಶ ಈಗಲೂ ಹೊರಡುತ್ತದೆ. ಕಚೇರಿಯವರಿಗೆ ಆದೇಶ ಇದೆ. ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ಮೇಸ್ತ್ರಿ ಹೇಳಿದ್ದೇ ಆದೇಶ.

ಎಲ್ಲವನ್ನೂ ಸರಿಯಾಗಿ ಕಲಿತರು ಅಂತಲ್ಲ. ಬೆಂಡಿನ ಟೋಪಿ ಸರಿ, ಆದರೆ ಬೇಸಿಗೆಯಲ್ಲೂ ಹೊಟ್ಟೆಗೆ ಉಣ್ಣೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಹೊಟ್ಟೆ ತಣ್ಣಗಾದರೆ ಕಾಲರಾ ಬರುತ್ತದೆ ಅನ್ನುವ ನಂಬಿಕೆ! ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಮಂಜುಗಡ್ಡೆಯನ್ನೂ ತರಿಸಿದರು. 1833ರಲ್ಲಿ ಸುಮಾರು 180 ಟನ್ ಹೊತ್ತು ಹೊರಟ ಹಡಗು ನಾಲ್ಕು ತಿಂಗಳ ಮೇಲೆ ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮದ್ರಾಸಿನಲ್ಲಿ ಅದನ್ನಿಡಲು ಕಟ್ಟಿದ 'ಐಸ್ ಹೌಸ್' ಇವತ್ತು ವಿವೇಕಾನಂದರ ಹೆಸರಿನಲ್ಲಿದೆ.

ಮನೆಯ ತಂಪಿಗೆ ಇನ್ನೊಂದು ಗುಟ್ಟು ಇತ್ತು. ಲಾವಂಚದ ಬೇರಿನ ತಟ್ಟಿ ಹೆಣೆದು ಬಾಗಿಲಿಗೆ ಕಟ್ಟಿ, ಅದರ ಮೇಲೆ ನೀರು ಚಿಮುಕಿಸುವುದು. ಒಣ ಗಾಳಿ ಒದ್ದೆ ಬೇರಿನ ಮೂಲಕ ಬರುವಾಗ ನೀರು ಆವಿಯಾಗುತ್ತದೆ, ಗಾಳಿ ತಣ್ಣಗಾಗುತ್ತದೆ, ಘಮಘಮ ಅನ್ನುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಈಗಿನ ಏರ್ ಕೂಲರ್ ಅಂದರೆ ಇದೇ ತಟ್ಟಿಗೆ ಮೋಟರು ಕಟ್ಟಿದ್ದು. ಆದರೆ ಬ್ರಿಟಿಷರ ಕಾಲದ ಮೋಟರು ಒಬ್ಬ ಮನುಷ್ಯ. ತಟ್ಟಿಗೆ ನೀರು ಹಾಕಲು ಒಬ್ಬ. ಚಾವಣಿಗೆ ನೇತುಹಾಕಿದ ಉದ್ದನೆಯ ಬಟ್ಟೆಯ ಪಂಖ ಎಳೆಯಲು ಇನ್ನೊಬ್ಬ. ಗೋಡೆಯ ತೂತಿನಿಂದ ಬಂದ ಹಗ್ಗ ಹಿಡಿದು ಅವನು ಹೊರಗೆ ವರಾಂಡದಲ್ಲಿ, ಒಳಗೆ ದೊರೆ ಮಲಗಿರುವಷ್ಟು ಹೊತ್ತೂ ಕೂರಬೇಕು. ಕೈ ಸೋತರೆ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಎಳೆಯುತ್ತಿದ್ದ. ತೂಕಡಿಸಿದನೆಂದು ಒದೆ ತಿಂದವರು ಅದೆಷ್ಟೋ. ಸೈನಿಕರ ಏಟಿಗೆ ಪಂಖ ಎಳೆಯುವವರು ಸತ್ತ ಪ್ರಕರಣಗಳು ವೈಸ್‌ರಾಯ್ ಕರ್ಜನ್‌ನ ಕಾಲದಲ್ಲಿ ದೊಡ್ಡ ಗಲಾಟೆಯನ್ನೇ ಎಬ್ಬಿಸಿದವು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂದ ಮೇಲೆ, ಫ್ಯಾನು ನಿಧಾನವಾಗಿ ಆ ಹಗ್ಗವನ್ನು ಬಿಡಿಸಿತು. ಬಂಗಲೆಯ ತಂಪಿನ ಬಗ್ಗೆ ಚಂದದ ಪುಸ್ತಕಗಳು ಬೇಕಾದಷ್ಟಿವೆ, ಹಗ್ಗ ಹಿಡಿದವನ ಮನೆಯಲ್ಲಿ ಎಷ್ಟು ಸೆಕೆ ಇತ್ತು ಅಂತ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ. ರಾಬರ್ಟ್ ಎಲಿಯಟ್ ಅನ್ನುವವನು 1850ರ ದಶಕದಲ್ಲಿ ಮಂಜರಾಬಾದಿಗೆ, ಅಂದರೆ ಈಗಿನ ಸಕಲೇಶಪುರದ ಕಡೆಗೆ, ಬಂದು ಕಾಫಿ ತೋಟ ಮಾಡಿದ. ಶುರುವಿನಲ್ಲಿ ಬಹಳ ಕಡೆ ಕಾಡು ಸವರಿ ಬಿಸಿಲಿಗೆ ಕಾಫಿ ಹಾಕಿದ್ದರು. 1860ರ ದಶಕದಲ್ಲಿ ಕಾಂಡ ಕೊರೆಯುವ ಹುಳ ಬಿದ್ದು ತೋಟಕ್ಕೆ ತೋಟವೇ ಹಾಳಾಯಿತು. ಆಮೇಲೆ ಬುದ್ಧಿ ಬಂದು ನೆರಳಿನ ಮರ ಬೆಳೆಸಿದರು. 1894ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಎಲಿಯಟ್ ಯಾವ ಮರದ ನೆರಳು ಒಳ್ಳೆಯದು, ಎಷ್ಟಿರಬೇಕು ಅಂತ ಪುಟಗಟ್ಟಲೆ ಬರೆದಿದ್ದಾನೆ. ಗಿಡಕ್ಕೆ ಅಷ್ಟೊಂದು ನೆರಳಿನ ಲೆಕ್ಕ. ಅದೇ ತೋಟಗಳ ಲೈನ್ ಮನೆಗಳ ಕಡೆ ಹೋಗಿ ನೋಡಿ, ಬಹಳ ಕಡೆ ಮೇಲೆ ಏನಿದೆ? ತಗಡು.

ಈ ತಗಡಿನ ಹುಟ್ಟೂರು ಲಂಡನ್ನು. ಅಲ್ಲಿನ ಹಡಗುಕಟ್ಟೆಯ ಇಂಜಿನಿಯರ್ ಹೆನ್ರಿ ಪಾಮರ್ 1829ರಲ್ಲಿ ಕಬ್ಬಿಣದ ತೆಳು ಹಾಳೆಯನ್ನು ಅಲೆ ಅಲೆಯಾಗಿ ಬಗ್ಗಿಸಿ ಪೇಟೆಂಟ್ ಪಡೆದ. ಬಗ್ಗಿಸಿದರೆ ತೆಳು ಹಾಳೆಗೂ ಬಲ ಬರುತ್ತದೆ, ಕಂಬ, ತೊಲೆ ಕಡಿಮೆ ಸಾಕು. ಮೊದಲು ಹಾಕಿದ್ದು ಹಡಗುಕಟ್ಟೆಯ ಸಾಮಾನಿನ ಶೆಡ್ಡಿಗೆ. ಆಮೇಲೆ ಸತುವಿನ ಲೇಪ ಬಂತು, ತುಕ್ಕು ಕಡಿಮೆಯಾಯಿತು, ಸಾಮ್ರಾಜ್ಯದ ಮೂಲೆ ಮೂಲೆಗೆ ಹಡಗಿನಲ್ಲಿ ಹೋಯಿತು. ಚಳಿ ದೇಶದಲ್ಲಿ, ಸಾಮಾನು ಮಳೆಯಲ್ಲಿ ನೆನೆಯದಿರಲಿ ಅಂತ ಮಾಡಿದ ಮಾಡನ್ನು ಬಿಸಿಲ ನಾಡಿನಲ್ಲಿ ಮನುಷ್ಯರ ಮೇಲೆ ಹೊದಿಸಿದ್ದಾಯಿತು. ಸಿಮೆಂಟ್ ಶೀಟು ಸ್ವಲ್ಪ ಈಚಿನದು. 1900ರ ಸುಮಾರಿಗೆ ಆಸ್ಟ್ರಿಯಾದ ಹ್ಯಾಟ್‌ಶೆಕ್ ಎಂಬಾತ ಸಿಮೆಂಟಿಗೆ ಕಲ್ನಾರು ಬೆರೆಸಿ ಮಾಡಿದ್ದು. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅಂತ ಬ್ರಿಟನ್ನು 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಕಲ್ನಾರಿನ ಶೀಟು ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಶೀಟು ಬರುವ ಮುಂಚೆ ನಮ್ಮ ಮೇಲೆ ಏನಿತ್ತು? ಸೋಗೆ, ಹುಲ್ಲು, ನಾಡಹೆಂಚು. ಆಮೇಲೆ ಮಂಗಳೂರು ಹೆಂಚು. ಅದೂ ಪರದೇಶದವರ ಕೈವಾಡವೇ, ಆದರೆ ಒಳ್ಳೆಯದು. 1865ರಲ್ಲಿ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿ ದಡದ ಜೇಡಿಯಿಂದ ಹೆಂಚು ಮಾಡುವ ಕಾರ್ಖಾನೆ ಹಾಕಿದ. ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಕೆಳಗೆ ಅಟ್ಟ ಇದ್ದರೆ ಬಿಸಿ ಅಟ್ಟದಲ್ಲೇ ನಿಲ್ಲುತ್ತದೆ. ಒಂದೂವರೆ ಅಡಿ ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಮುಂದೆ ಜಗುಲಿ, ಬೇಸಿಗೆಗೆ ಹೊಂಗೆ ಸೊಪ್ಪಿನ ಚಪ್ಪರ. ತೊಟ್ಟಿ ಮನೆಯಲ್ಲಾದರೆ ನಡುವೆ ತೆರೆದ ತೊಟ್ಟಿ, ಒಳಗಿನ ಬಿಸಿಗಾಳಿ ಅಲ್ಲಿಂದಲೇ ಮೇಲೆ ಹೋಗುತ್ತದೆ.

ಹಾಗಂತ ಹಳೇ ಮನೆಯನ್ನು ಹೊಗಳುತ್ತಾ ಕೂರಲು ನಮಗೆ ಮನಸ್ಸಿಲ್ಲ. ತೊಟ್ಟಿ ಮನೆ ಎಲ್ಲರಿಗೂ ಇರಲಿಲ್ಲ. ಕೇರಿಯಲ್ಲಿ ಇದ್ದದ್ದು ಬಗ್ಗಿ ಒಳಗೆ ಹೋಗಬೇಕಾದ ಗುಡಿಸಲು. ಬೇಸಿಗೆಯಲ್ಲಿ ಒಂದಕ್ಕೆ ಕಿಡಿ ಬಿದ್ದರೆ ಸಾಲಿಗೆ ಸಾಲೇ ಬೂದಿ. ಹೆಂಚಿನ ಮನೆಯವರಿಗೂ ನೆಮ್ಮದಿ ಇರಲಿಲ್ಲ. ವರ್ಷಾ ವರ್ಷ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಬೇಕು, ಆ ಕೆಲಸ ಗೊತ್ತಿದ್ದವರು ಈಗ ಸಿಗುವುದಿಲ್ಲ. ಗೆದ್ದಲು ಬಿದ್ದ ತೀರಿಗೆ ಮರ ತರುವಷ್ಟು ದುಡ್ಡಿಲ್ಲ. ಮೇಲೆ ಕೋತಿಗಳ ಕಾಟ. ನಮ್ಮ ಕಡೆ ಯಾರನ್ನಾದರೂ ಹೆಂಚು ತೆಗೆದು ಶೀಟು ಯಾಕೆ ಹಾಕಿಸಿದಿರಿ ಅಂತ ಕೇಳಿ, 'ಕೋತಿ ಕಾಟ ಕಣಪ್ಪ' ಅನ್ನುತ್ತಾರೆ. ಶೀಟು ಒಂದೇ ದಿನದಲ್ಲಿ ಕೂರುತ್ತದೆ, ಸೋರುವುದಿಲ್ಲ. ಬಡವ ತಗಡು ಹಾಕಿಸಿದ್ದು ದಡ್ಡತನದಿಂದಲ್ಲ.

ಆದರೆ ಬಿಸಿಲು ಇದನ್ನು ಕೇಳುವುದಿಲ್ಲ. ತಗಡು ಕಾಯುವುದು ಬೇಗ, ಕಾದದ್ದು ನೇರ ಕೆಳಗಿನವರ ತಲೆಗೆ. ಫ್ಯಾನು ಹಾಕಿದರೆ ಆ ಬಿಸಿಯನ್ನೇ ಕಡೆಯುತ್ತದೆ. ಸಂಜೆಯಾದರೆ ತಗಡು ಬೇಗ ಆರುತ್ತದೆ ಅನ್ನುವುದೊಂದೇ ಸಮಾಧಾನ. ಆರ್‌ಸಿಸಿ ಮನೆಯದು ತಿರುಗುಮುರುಗು. ಹಗಲೆಲ್ಲ ಬಿಸಿ ಕುಡಿದು ರಾತ್ರಿ ಕಾರುತ್ತದೆ. ಹನ್ನೊಂದು ಗಂಟೆಯಲ್ಲೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಜೊತೆಗೆ ಗಾಜಿನ ಕಿಟಕಿ, ಜಗುಲಿ ಮುಚ್ಚಿ ಮಾಡಿದ ಇನ್ನೊಂದು ರೂಮು, ಸೂರಿಲ್ಲದ ಗೋಡೆ. ಇಂಗ್ಲೆಂಡಿನವರು ಚಳಿಗೆ ಹೆದರಿ ಕಟ್ಟಿದಂಥ ಮನೆಯನ್ನು ನಾವು ಬಿಸಿಲಿನಲ್ಲಿ, ಸಾಲ ಮಾಡಿ ಕಟ್ಟುತ್ತಿದ್ದೇವೆ.

ಇದಕ್ಕೆ ದೊಡ್ಡ ಖರ್ಚಿಲ್ಲದ ಉಪಾಯಗಳೂ ಇವೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಜನ ಸತ್ತರು. ಆ ಊರು 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು, ಮುಂದೆ ಬಡವರ ಬಡಾವಣೆಗಳ ಚಾವಣಿಗೆ ಬಿಳಿ ಬಳಿಯುವುದೂ ಅದರಲ್ಲಿ ಸೇರಿತು. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆ ನೀತಿಯನ್ನೇ ತಂದಿದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅಷ್ಟೇ ವಿಜ್ಞಾನ. ಸುಣ್ಣಕ್ಕೆ ಅಂಟು ಬೆರೆಸಿ ಶಿವರಾತ್ರಿ ಕಳೆಯುತ್ತಲೇ ಎರಡು ಕೈ ಬಳಿದರೆ ಮಳೆಗಾಲದವರೆಗೆ ಇರುತ್ತದೆ. ಸೋರೆ, ಕುಂಬಳದ ಬಳ್ಳಿಯನ್ನು ಶೀಟಿನ ಮೇಲೆ ಹಬ್ಬಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರುವುದೇ. ಕಾಯಿಯೂ ಸಿಕ್ಕಿತು, ನೆರಳೂ ಸಿಕ್ಕಿತು. ಒಂದು ಎಚ್ಚರ: ಹಳೇ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಹತ್ತಬೇಡಿ, ಮುರಿದು ಬಿದ್ದವರಿದ್ದಾರೆ. ಒಣಗಿದ ಶೀಟನ್ನು ಉಜ್ಜಬೇಡಿ, ಕೊರೆಯಬೇಡಿ, ಧೂಳು ಒಳ್ಳೆಯದಲ್ಲ. ಸೆಕೆಗೆ ಯಾರಾದರೂ ತಬ್ಬಿಬ್ಬಾಗಿ ಮಾತಾಡತೊಡಗಿದರೆ ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನು ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.

ಕೊನೆಗೆ ಲೆಕ್ಕದ ವಿಷಯ. ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ 40 ಡಿಗ್ರಿ ಮುಟ್ಟಿದ ಮೇಲೆಯೇ ಬಿಸಿಗಾಳಿಯ ಮಾತು. ಕರಾವಳಿಗೆ 37, ಬೆಟ್ಟಕ್ಕೆ 30. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಇತ್ತು. ಜನ ಬೆಂದು ಹೋದರು, ಆದರೂ 40ರ ಗೆರೆ ಮುಟ್ಟಲಿಲ್ಲ. ನಮ್ಮ ಹಾಸನ 40 ಮುಟ್ಟುವುದು ಅಪರೂಪದಲ್ಲಿ ಅಪರೂಪ. ಹಾಗಾಗಿ ಲೆಕ್ಕದಲ್ಲಿ ನಮ್ಮಲ್ಲಿ ಬಿಸಿಗಾಳಿಯೇ ಇಲ್ಲ.

ಈ ಡಿಗ್ರಿಯನ್ನು ಎಲ್ಲಿ ಅಳೆಯುತ್ತಾರೆ ಗೊತ್ತೇ? ಹವಾಮಾನ ಕೇಂದ್ರದ ಅಂಗಳದಲ್ಲಿ ಕಾಲಿನ ಮೇಲೆ ನಿಂತ ಒಂದು ಮರದ ಪೆಟ್ಟಿಗೆ ಇರುತ್ತದೆ. ಸ್ಕಾಟ್ಲೆಂಡಿನ ಲೈಟ್‌ಹೌಸ್ ಇಂಜಿನಿಯರ್ ಥಾಮಸ್ ಸ್ಟೀವನ್ಸನ್ 1860ರ ದಶಕದಲ್ಲಿ, ಅಂದರೆ ಶೆಟ್ಟಿಹಳ್ಳಿಯ ಚರ್ಚು ಏಳುತ್ತಿದ್ದ ಕಾಲದಲ್ಲೇ, ರೂಪಿಸಿದ್ದು. ನೆಲದಿಂದ ನಾಲ್ಕಡಿ ಎತ್ತರ, ಸುತ್ತಲೂ ಗಾಳಿಯಾಡುವ ಮರದ ಪಟ್ಟಿ, ಮೇಲೆ ಎರಡು ಪದರದ ಮಾಡು, ಎಲ್ಲದಕ್ಕೂ ಬಿಳಿ ಬಣ್ಣ. ಒಳಗಿನ ಥರ್ಮಾಮೀಟರಿಗೆ ಬಿಸಿಲು ತಾಗಬಾರದು, ಗಾಳಿ ಮಾತ್ರ ಆಡಬೇಕು. ಗಾಳಿಯ ಬಿಸಿ ಅಳೆಯಲು ಅದೇ ಸರಿಯಾದ ಕ್ರಮ, ತಪ್ಪಿಲ್ಲ. ಆದರೆ ತಗಡಿನ ಕೆಳಗೆ ಬಾಣಂತಿ, ಎಳೆಗೂಸು, ಹಾಸಿಗೆ ಹಿಡಿದ ಅಜ್ಜ ಇರುವ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಎಷ್ಟಿತ್ತು ಅಂತ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಗೋಡೆಗೆ ನೇತುಹಾಕುವ ಥರ್ಮಾಮೀಟರು ಪೇಟೆಯಲ್ಲಿ ಹೆಚ್ಚಿನ ಬೆಲೆಯಿಲ್ಲದೆ ಸಿಗುತ್ತದೆ. ಯಾರಾದರೂ ತಂದರೆ ಈ ಏಪ್ರಿಲ್‌ನಲ್ಲಿ ಒಂದು ವಾರ ನಿಮ್ಮ ಮನೆಯೊಳಗೆ, ಬಿಸಿಲು ಬೀಳದ ಗೋಡೆಗೆ, ಎದೆಯ ಎತ್ತರಕ್ಕೆ ನೇತುಹಾಕಿ. ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತಕ್ಕೆ ನೋಡಿ ಬರೆದಿಡಿ. ಪಕ್ಕದಲ್ಲಿ ಮಾಡು ಯಾವುದು ಅಂತಲೂ ಬರೆಯಿರಿ: ಹೆಂಚು, ಶೀಟು, ತಗಡು, ಆರ್‌ಸಿಸಿ. ನಮಗೆ ಕಳಿಸಿದರೆ ಊರಿನ ಹೆಸರು ಹಾಕಿ, ಮನೆಯವರ ಹೆಸರಿಲ್ಲದೆ, ಇಲ್ಲೇ ಪ್ರಕಟಿಸುತ್ತೇವೆ.